ಹಳೇ ರಿಕರ್ವ್ ಬಿಲ್ಲು ಸಿಕ್ಕಿತಾ? ಬಾಣ ಕೊಳ್ಳುವ ಮುಂಚೆ ಇಷ್ಟು ಮಾಡಿ

ಅಮೆರಿಕದಲ್ಲಿರುವ ನಮ್ಮವರಿಗೆ ಗ್ಯಾರೇಜ್ ಸೇಲ್‌ಗಳಲ್ಲಿ ಇವು ಆಗಾಗ ಕಣ್ಣಿಗೆ ಬೀಳುತ್ತವೆ. 1960-70ರ ದಶಕದ ರಿಕರ್ವ್ ಬಿಲ್ಲುಗಳು, ಅಂದರೆ ತುದಿಗಳು ಗುರಿಯ ಕಡೆಗೆ ಬಾಗಿರುವಂಥವು, ಒಳಗೆ ಮರ, ಹೊರಗೆ ಫೈಬರ್‌ಗ್ಲಾಸ್. ಮಾರುವವರು ತಾತನದು ಅಂತ ಹೇಳಿ ಅಗ್ಗಕ್ಕೇ ಕೊಟ್ಟುಬಿಡುತ್ತಾರೆ. ಹೆದೆ ಇರುವುದಿಲ್ಲ, ಇದ್ದರೂ ನಾರುನಾರಾಗಿರುತ್ತದೆ, ಬಾಣದ ಮಾತು ಬಿಡಿ. ಮನೆಗೆ ತಂದವರು ಮೊದಲು ಮಾಡುವ ಕೆಲಸ ಏನು ಗೊತ್ತಾ? ಬಿಲ್ಲಿನ ಮೇಲೆ ಎಳೆಯುವ ಭಾರ 45 ಪೌಂಡ್ ಅಂತ ಬರೆದಿರುತ್ತದೆ, ಅದನ್ನೇ ಹಿಡಿದುಕೊಂಡು ಬಾಣ ಆರ್ಡರ್ ಮಾಡುವುದು. ಎಡವಟ್ಟಾಗುವುದೇ ಅಲ್ಲಿ. ಆ ಅಂಕಿ ಬಿಲ್ಲಿನದು, ನಿಮ್ಮದಲ್ಲ. ಮೊದಲು ಬಿಲ್ಲು ಗಟ್ಟಿಯಿದೆಯಾ ನೋಡಬೇಕು, ಆಮೇಲೆ ಹೆದೆ, ಆಮೇಲೆ ನಿಮ್ಮ ತೋಳಿನ ಅಳತೆ. ಬಾಣ ಕೊನೆಗೆ.

ಸುಮ್ನೆ ಗಾಳಿಯಲ್ಲಿ ಮಾತಾಡುವುದು ಬೇಡ, ಒಂದು ಬಿಲ್ಲನ್ನೇ ಎದುರಿಗಿಟ್ಟುಕೊಳ್ಳೋಣ. ಬೇರ್ ಕಂಪನಿಯ ಕೋಡಿಯಾಕ್ ಹಂಟರ್, 60 ಇಂಚು ಉದ್ದ, 45 ಪೌಂಡ್. ಫ್ರೆಡ್ ಬೇರ್ ಮಿಚಿಗನ್‌ನ ಗ್ರೇಲಿಂಗ್‌ನಲ್ಲಿ ಕಟ್ಟಿದ ಕಾರ್ಖಾನೆಯ ಬಿಲ್ಲು. ಆ ಕಾರ್ಖಾನೆ 1978ರಲ್ಲಿ ಫ್ಲಾರಿಡಾಕ್ಕೆ ಹೋಯಿತು. ಹಾಗಾಗಿ ಗ್ರೇಲಿಂಗ್ ಅಂತ ಬರೆದಿದ್ದರೆ ಅದಕ್ಕಿಂತ ಹಳೆಯದು ಅಂತ ತಿಳಿಯಬಹುದು. ಇನ್ನೊಂದು ವಿಷಯ. ಈ ಕಂಪನಿಯ ಎಷ್ಟೋ ಬಿಲ್ಲುಗಳ ಮೇಲೆ ಸಣ್ಣ ಅಕ್ಷರದಲ್ಲಿ ‘ಕೆನಡಾ 1953’ ಅಂತ ಇರುತ್ತದೆ. ಅದು ಕೆನಡಾದ ಪೇಟೆಂಟಿನ ವರ್ಷ, ಬಿಲ್ಲು ತಯಾರಾದ ವರ್ಷ ಅಲ್ಲ. 1953ರ ಬಿಲ್ಲು ಅಂತ ಯಾರಾದರೂ ಜಾಸ್ತಿ ದುಡ್ಡು ಕೇಳಿದರೆ ನಕ್ಕು ಮುಂದೆ ಹೋಗಿ.

ಮೊದಲು ಬಿಲ್ಲನ್ನು ನೋಡಿ

ಹೆದೆ ಏರಿಸದೆ, ಹಗಲು ಬೆಳಕಿನಲ್ಲಿ ನೋಡಬೇಕು. ಒಂದು ಹತ್ತಿಯ ಉಂಡೆ ತಗೊಂಡು ಲಿಂಬ್‌ಗಳ, ಅಂದರೆ ಹಿಡಿಯ ಮೇಲೂ ಕೆಳಗೂ ಇರುವ ಬಾಗುವ ತೋಳುಗಳ, ಎರಡೂ ಅಂಚಿನ ಮೇಲೆ ಮೆಲ್ಲಗೆ ಎಳೆಯಿರಿ, ಹಿಡಿಯ ಹತ್ತಿರದಿಂದ ತುದಿಯವರೆಗೆ. ಎಲ್ಲಾದರೂ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಸೀಳು ಎದ್ದಿದೆ ಅಂತ ಅರ್ಥ. ಕಣ್ಣಿಗೆ ಕಾಣದ ಸೀಳೂ ಹತ್ತಿಗೆ ಸಿಗುತ್ತದೆ.

ಗ್ಲಾಸಿನ ಮೇಲೆ ಉದ್ದುದ್ದಕ್ಕೆ ಕೂದಲೆಳೆಯಂಥ ಗೆರೆಗಳಿದ್ದರೆ ಸಾಮಾನ್ಯವಾಗಿ ಗಾಬರಿ ಬೇಡ. ಹಳೇ ಬಿಲ್ಲುಗಳಲ್ಲಿ ಅದು ಇದ್ದದ್ದೇ. ಆದರೆ ಲಿಂಬ್‌ಗೆ ಅಡ್ಡಲಾಗಿ ಗೆರೆ ಇದ್ದರೆ, ಉಗುರಾಡಿಸಿದಾಗ ಅದು ತಾಗಿದರೆ, ಆ ಬಿಲ್ಲನ್ನು ಗೋಡೆಗೆ ನೇತುಹಾಕಿ, ಎಳೆಯಬೇಡಿ. ಮುಖಕ್ಕೆ ಒಂದು ಗೇಣು ದೂರದಲ್ಲಿ ಲಿಂಬ್ ಮುರಿಯುವುದು ಯಾರಿಗೂ ಬೇಡದ ಅನುಭವ. ಪದರ ಬಿಟ್ಟಿದೆಯಾ ಅನ್ನುವುದನ್ನೂ ನೋಡಬೇಕು. ಗ್ಲಾಸು ಮತ್ತು ಮರ ಕೂಡುವ ಅಂಟಿನ ಗೆರೆ, ಅದರಲ್ಲೂ ಹಿಡಿಯ ಮರ ತೆಳುವಾಗುತ್ತಾ ಲಿಂಬ್ ಒಳಗೆ ಸೇರಿಹೋಗುವ ಜಾಗ, ಆಮೇಲೆ ತುದಿಗಳು. ಅಲ್ಲಿ ಬಿಳಿಚಿಕೊಂಡಿದ್ದರೆ ಅನುಮಾನ ಪಡಿ. ಹಿಂದಿನ ಮಾಲೀಕ ಗುರಿ ನೋಡುವ ಸೈಟ್ ಕೂರಿಸಲು ಸ್ಕ್ರೂ ಹೊಡೆದಿದ್ದರೆ ಆ ತೂತುಗಳ ಸುತ್ತ ಬಿರುಕು ಇದೆಯಾ ನೋಡಿ. ತೂತು ಇದ್ದ ಮಾತ್ರಕ್ಕೆ ಬಿಲ್ಲು ಹಾಳಲ್ಲ, ಬೆಲೆ ಕಮ್ಮಿ ಅಷ್ಟೇ, ಹೊಡೆಯಲು ಕೊಳ್ಳುವವರಿಗೆ ಅದು ಲಾಭವೇ ಅಲ್ವಾ?

ಲಿಂಬ್ ತಿರುಚಿಕೊಂಡಿದೆಯಾ ಅನ್ನುವುದು ಹೆದೆ ಏರಿಸಿದ ಮೇಲೆ ಚೆನ್ನಾಗಿ ಗೊತ್ತಾಗುತ್ತದೆ. ಬಿಲ್ಲನ್ನು ಉದ್ದಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ತುದಿಯಿಂದ ನೋಡಿ, ಹೆದೆ ಎರಡೂ ಲಿಂಬ್‌ಗಳ ನಡುಮಧ್ಯೆ ಇರುವ ತೋಡಿನಲ್ಲಿ ಕೂತಿರಬೇಕು. ವರ್ಷಗಟ್ಟಲೆ ಮೂಲೆಗೆ ಒರಗಿಸಿಟ್ಟ ಬಿಲ್ಲುಗಳಲ್ಲಿ ಕೆಳಗಿನ ಲಿಂಬ್ ಒಂದು ಕಡೆ ವಾಲಿರುತ್ತದೆ. ಸ್ವಲ್ಪವೇ ಆಗಿದ್ದರೆ ಹೆದೆ ಏರಿಸಿದ ಬಿಲ್ಲಿನ ಆ ಲಿಂಬನ್ನು ಅಂಗೈಯಲ್ಲಿ ಹಿಡಿದು, ವಾಲಿದ್ದಕ್ಕೆ ವಿರುದ್ಧ ದಿಕ್ಕಿಗೆ ಮೆತ್ತಗೆ ತಿರುಚಿ ಸ್ವಲ್ಪ ಹೊತ್ತು ಹಿಡಿದುಕೊಳ್ಳಿ. ಹೀಗೆ ಕೆಲವು ದಿನ ಮಾಡಿದರೆ ಬಹಳಷ್ಟು ಸರಿಹೋಗುತ್ತದೆ. ಹೆದೆ ತೋಡಿನಿಂದ ಪೂರ್ತಿ ಹೊರಗೆ ಜಾರುವಷ್ಟು ತಿರುಚಿದ್ದರೆ ಕೊಳ್ಳಲೇಬೇಡಿ. ಬಿಸಿ ಮಾಡಿ ಸರಿಮಾಡುತ್ತೇನೆ ಅಂತ ಹೇರ್ ಡ್ರೈಯರ್ ಹಿಡಿಯುವವರಿದ್ದಾರೆ. ಐವತ್ತು ವರ್ಷದ ಅಂಟು ಎಷ್ಟು ಬಿಸಿ ತಡೆಯುತ್ತದೆ ಅಂತ ಹೊರಗಿನಿಂದ ಹೇಳಲು ಆಗುವುದಿಲ್ಲ. ನನ್ನ ಮಾತು ಕೇಳುವುದಾದರೆ ಬೇಡ.

ಹೆದೆ

ಹೊಸ ಹೆದೆ ಕೊಳ್ಳಿ. ಹಳೇದು ಎಷ್ಟೇ ಚೆನ್ನಾಗಿ ಕಂಡರೂ ಬೇಡ. ಮತ್ತು ಡೇಕ್ರಾನ್ ಅನ್ನುವ ಪಾಲಿಯೆಸ್ಟರ್ ನೂಲಿನ ಹೆದೆಯನ್ನೇ ಕೊಳ್ಳಿ. 1980ರ ದಶಕದಲ್ಲಿ ಫಾಸ್ಟ್ ಫ್ಲೈಟ್ ಥರದ ಹೊಸ ನೂಲುಗಳು ಬಂದವು. ಅವು ಹಿಗ್ಗುವುದಿಲ್ಲ, ಬಾಣ ವೇಗವಾಗಿ ಹೋಗುತ್ತದೆ, ಎಲ್ಲ ಸರಿ. ಆದರೆ ಹಿಗ್ಗದ ಹೆದೆ ಬಾಣ ಬಿಟ್ಟಾಗ ಥಟ್ಟನೆ ನಿಲ್ಲುತ್ತದೆ, ಆ ಹೊಡೆತವೆಲ್ಲ ಲಿಂಬ್ ತುದಿಯ ಮೇಲೆ. ಹಳೇ ಬಿಲ್ಲುಗಳ ತುದಿಯನ್ನು ಅದಕ್ಕೆ ತಕ್ಕಂತೆ ಗಟ್ಟಿ ಮಾಡಿರಲಿಲ್ಲ, ಆಗ ಅಂಥ ನೂಲೇ ಇರಲಿಲ್ಲವಲ್ಲ. ತುದಿಯ ಕಚ್ಚು ಸೀಳಿಬಿಡುತ್ತದೆ. ಡೇಕ್ರಾನ್ ಸ್ವಲ್ಪ ಹಿಗ್ಗಿ ಹೊಡೆತವನ್ನು ತಾನು ತಗೊಳ್ಳುತ್ತದೆ. ವೇಗ ಕೊಂಚ ಕಮ್ಮಿ, ಇರಲಿ ಬಿಡಿ.

ಅಳತೆ ಹೇಳುವಾಗ ಬಿಲ್ಲಿನ ಉದ್ದ ಹೇಳಬೇಕಾ, ಹೆದೆಯ ಉದ್ದ ಹೇಳಬೇಕಾ ಅಂತ ಗೊಂದಲವಾಗುತ್ತದೆ. ಬಿಲ್ಲಿನ ಮೇಲೆ ‘ಎಎಂಒ 60’ (ಎಎಂಒ ಅಂದರೆ ಬಿಲ್ಲು ತಯಾರಕರ ಸಂಘದ ಅಳತೆ) ಅಂತ ಇದ್ದರೆ ಹೆದೆಯ ನಿಜವಾದ ಉದ್ದ ಅದಕ್ಕಿಂತ 3 ಇಂಚು ಕಮ್ಮಿ, ಅಂದರೆ 57. ಅಂಗಡಿಯವರಿಗೆ ‘ಎಎಂಒ 60 ಬಿಲ್ಲಿಗೆ ಡೇಕ್ರಾನ್ ಹೆದೆ, 14 ಎಳೆ’ ಅಂದರೆ ಸಾಕು. 45 ಪೌಂಡ್ ಬಿಲ್ಲಿಗೆ 12ರಿಂದ 14 ಎಳೆ ಸರಿಹೋಗುತ್ತದೆ.

ಈಗ ಏರಿಸುವುದು. ಇಲ್ಲಿ ದಯವಿಟ್ಟು ನಿಧಾನ. ಹೆದೆ ಇಲ್ಲದ ರಿಕರ್ವ್ ನೋಡಿದವರಿಗೆ ಬಿಲ್ಲು ಯಾವ ಕಡೆ ಬಾಗಬೇಕು ಅನ್ನುವುದು ತಲೆಕೆಳಗಾಗಿ ಕಾಣುತ್ತದೆ. ಆಗಲೇ ಬಾಗಿರುವ ಕಡೆಗೇ ಇನ್ನಷ್ಟು ಬಗ್ಗಿಸಿ ಹೆದೆ ಸಿಕ್ಕಿಸುತ್ತಾರೆ, ಫೋಟೋ ಹಾಕುತ್ತಾರೆ, ಒಂದು ಸಲ ಎಳೆಯುತ್ತಾರೆ, ಲಿಂಬ್ ಮುಗಿಯಿತು. ಹಿಡಿಯನ್ನು ನೋಡಿ ತಿಳಿದುಕೊಳ್ಳಿ. ಅಂಗೈ ಕೂರುವ ಆಳವಾದ ಭಾಗ ನಿಮ್ಮ ಕಡೆ, ಅಂದರೆ ಹೆದೆಯ ಕಡೆ ಇರಬೇಕು. ಹೆದೆ ಏರಿಸಿದ ಮೇಲೂ ಲಿಂಬ್‌ಗಳ ಎರಡೂ ತುದಿ ನಿಮ್ಮಿಂದ ಆಚೆಗೆ, ಗುರಿಯ ಕಡೆಗೇ ಮುಖ ಮಾಡಿರಬೇಕು.

ಕಾಲಿನ ಸಂದಿಯಲ್ಲಿ ತೂರಿಸಿ ತೊಡೆಗೆ ಒತ್ತಿ ಏರಿಸುವ ಹಳೇ ಪದ್ಧತಿಯಿದೆ, ಲಿಂಬ್ ತಿರುಚಿಕೊಳ್ಳುವುದಕ್ಕೆ ಅದೂ ಒಂದು ಕಾರಣ. ಸ್ಟ್ರಿಂಗರ್ ಅಂತ ಹಗ್ಗ ಸಿಗುತ್ತದೆ, ಎರಡು ತುದಿಗೂ ಚರ್ಮದ ಟೊಪ್ಪಿ. ಹೆದೆಯ ಕೆಳಗಿನ ಕುಣಿಕೆಯನ್ನು ಕಚ್ಚಿಗೆ ಹಾಕಿ, ಮೇಲಿನ ಕುಣಿಕೆಯನ್ನು ಲಿಂಬ್ ಮೇಲೆ ಸಡಿಲವಾಗಿ ತೂರಿಸಿ, ಟೊಪ್ಪಿಗಳನ್ನು ಲಿಂಬ್ ತುದಿಗಳಿಗೆ ತೊಡಿಸಿ, ಹಗ್ಗವನ್ನು ಕಾಲಿನಿಂದ ತುಳಿದು ಹಿಡಿಯನ್ನು ಮೇಲಕ್ಕೆತ್ತಿ. ಲಿಂಬ್ ಬಾಗಿದಂತೆ ಕುಣಿಕೆಯನ್ನು ಜಾರಿಸಿ ಕಚ್ಚಿನಲ್ಲಿ ಕೂರಿಸಿ. ಬಿಡುವ ಮುಂಚೆ ಎರಡೂ ಕುಣಿಕೆ ಸರಿಯಾಗಿ ಕೂತಿದೆಯಾ ನೋಡಿ. ಮುಖವನ್ನು ಲಿಂಬ್ ತುದಿಯ ದಾರಿಯಿಂದ ಪಕ್ಕಕ್ಕೆ ಇಟ್ಟುಕೊಳ್ಳಿ.

ಏರಿಸಿದ ಕೂಡಲೇ ಕಿವಿವರೆಗೆ ಎಳೆಯಬೇಡಿ. ಒಂದೆರಡು ಗಂಟೆ ಹಾಗೇ ಬಿಡಿ. ಟಿಕ್ ಟಿಕ್ ಸದ್ದು ಬರುತ್ತಾ ಕೇಳಿ. ಆಮೇಲೆ ಒಂದು ಗೇಣು ಎಳೆದು ಮೆಲ್ಲಗೆ ವಾಪಸ್ ಬಿಡಿ, ಹತ್ತಿಪ್ಪತ್ತು ಸಲ. ಆಮೇಲೆ ಇನ್ನೊಂದು ಸ್ವಲ್ಪ ಜಾಸ್ತಿ. ಹೀಗೆ ಹಂತಹಂತವಾಗಿ ನಿಮ್ಮ ಪೂರ್ತಿ ಎಳೆತದವರೆಗೆ ಹೋಗಿ. ಬಾಣವಿಲ್ಲದೆ ಹೆದೆಯನ್ನು ಯಾವತ್ತೂ ಟಪ್ ಅಂತ ಬಿಡಬೇಡಿ. ಬಾಣ ಒಯ್ಯಬೇಕಿದ್ದ ಶಕ್ತಿಯೆಲ್ಲ ಲಿಂಬ್‌ಗೇ ವಾಪಸ್ ಬಡಿಯುತ್ತದೆ. ನೋಡಲು ಬಂದ ನೆಂಟರ ಕೈಗೆ ಬಿಲ್ಲು ಕೊಡುವ ಮುಂಚೆಯೇ ಇದನ್ನು ಹೇಳಿಬಿಡಿ.

ಬ್ರೇಸ್ ಹೈಟ್ ಮತ್ತು ನಾಕಿಂಗ್ ಪಾಯಿಂಟ್

ಹಿಡಿಯ ಅತಿ ಆಳದ ಜಾಗದಿಂದ ಹೆದೆಯವರೆಗಿನ ದೂರವೇ ಬ್ರೇಸ್ ಹೈಟ್. ನಮ್ಮ 60 ಇಂಚಿನ ಬಿಲ್ಲಿಗೆ ಏಳೂವರೆ ಇಂಚಿನಿಂದ ಶುರುಮಾಡಿ. ಹೆದೆ ಇಳಿಸಿ, ಒಂದು ಕುಣಿಕೆ ತೆಗೆದು ನಾಲ್ಕೈದು ಸುತ್ತು ಹುರಿ ಹಾಕಿದರೆ ಹೆದೆ ಗಿಡ್ಡವಾಗುತ್ತದೆ, ಬ್ರೇಸ್ ಹೈಟ್ ಮೇಲೇರುತ್ತದೆ. ನಡುವೆ ಸುತ್ತಿದ ದಾರ ಬಿಗಿಯಾಗುವ ದಿಕ್ಕಿಗೇ ಹುರಿ ಹಾಕಿ. ಹೀಗೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಎಂಟೂಕಾಲು ಇಂಚಿನ ಹತ್ತಿರದವರೆಗೆ ಹೋಗಿ, ಪ್ರತಿ ಸಲ ಒಂದಷ್ಟು ಬಾಣ ಹೊಡೆದು ಸದ್ದು ಕೇಳಿ. ಬ್ರೇಸ್ ಹೈಟ್ ತೀರಾ ಕಮ್ಮಿಯಿದ್ದರೆ ಹೆದೆ ಲಿಂಬ್‌ಗೆ ಬಡಿದು ಚಟಾರ್ ಅನ್ನುತ್ತದೆ, ಕೈಗೂ ನಡುಕ ಬರುತ್ತದೆ. ಒಂದು ಜಾಗದಲ್ಲಿ ಆ ಸದ್ದು ಅಡಗಿ ಮೆತ್ತನೆಯ ಧಪ್ ಆಗುತ್ತದೆ. ಅಲ್ಲಿಗೆ ನಿಲ್ಲಿಸಿ. ನಿಮ್ಮದು 66ರಿಂದ 70 ಇಂಚಿನ ಹಳೇ ಟಾರ್ಗೆಟ್ ಬಿಲ್ಲಾದರೆ ಎಂಟೂಕಾಲಿನಿಂದ ಒಂಬತ್ತೂಕಾಲಿನ ನಡುವೆ ಹುಡುಕಬೇಕು. ಮೂವತ್ತು ಸುತ್ತು ದಾಟಿದರೂ ಸಾಲುತ್ತಿಲ್ಲ ಅಂದರೆ ಹೆದೆಯೇ ಉದ್ದ, ಬದಲಾಯಿಸಿ.

ನಾಕಿಂಗ್ ಪಾಯಿಂಟ್, ಅಂದರೆ ಹೆದೆಯ ಮೇಲೆ ಬಾಣ ಕೂರುವ ಜಾಗ. ಶೆಲ್ಫ್‌ನಿಂದ, ಅಂದರೆ ಹಿಡಿಯ ಮೇಲೆ ಬಾಣ ಕೂರುವ ಮೆಟ್ಟಿಲಿನಿಂದ, ಹೆದೆಗೆ ಲಂಬಕೋನ ಹಿಡಿದು, ಅದಕ್ಕಿಂತ ಅರ್ಧ ಇಂಚು ಮೇಲೆ ಗುರುತು ಮಾಡಿ. ಹಿತ್ತಾಳೆಯ ಉಂಗುರ ಒತ್ತಿ ಕೂರಿಸುವುದು ಆಮೇಲೆ, ಸದ್ಯಕ್ಕೆ ದಾರ ಸುತ್ತಿ ಗಂಟು ಹಾಕಿದರೆ ಮೇಲೆ ಕೆಳಗೆ ತಿರುಗಿಸಿ ಸರಿಮಾಡಬಹುದು. ಮೂರೂ ಬೆರಳು ಬಾಣದ ಕೆಳಗೆ ಇಟ್ಟು ಎಳೆಯುವವರಿಗೆ ಈ ಗುರುತು ಇನ್ನೂ ಸ್ವಲ್ಪ ಮೇಲೆ ಬೇಕಾಗುತ್ತದೆ.

ನಿಮ್ಮ ಅಂಕಿ ಕಂಡುಕೊಳ್ಳಿ

ಬಿಲ್ಲಿನ ಮೇಲಿನ 45 ಪೌಂಡ್ ಅಂದರೆ 28 ಇಂಚು ಎಳೆದಾಗಿನ ಭಾರ. ಆ 28 ಹೇಗೆ ಬರುತ್ತದೆ ಅಂದರೆ, ಹಿಡಿಯ ಆಳದ ಜಾಗದಿಂದ ಎಳೆದ ಹೆದೆಯವರೆಗೆ ಅಳೆದು ಅದಕ್ಕೆ ಒಂದೂಮುಕ್ಕಾಲು ಇಂಚು ಸೇರಿಸುತ್ತಾರೆ. ನಮ್ಮ ಬಹಳ ಜನರ ಎಳೆತ 28 ಮುಟ್ಟುವುದೇ ಇಲ್ಲ. ಎರಡೂ ಕೈ ಚಾಚಿ ಬೆರಳ ತುದಿಯಿಂದ ಬೆರಳ ತುದಿಗೆ ಅಳೆದು 2.5ರಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ. 67 ಇಂಚು ಬಂದರೆ ಎಳೆತ ಸುಮಾರು 26.8. ಈ ಥರದ ಬಿಲ್ಲಿನಲ್ಲಿ ಇಂಚಿಗೆ ಎರಡೂವರೆ ಪೌಂಡ್‌ನಷ್ಟು ವ್ಯತ್ಯಾಸ ಹಿಡಿಯಿರಿ. ಆಗ ನಿಮ್ಮ ಬೆರಳಿಗೆ ಬರುವುದು 45 ಅಲ್ಲ, 42. ಬಿಲ್ಲೂ ಹಳೇದು, ಬರೆದದ್ದನ್ನೇ ನಂಬುವುದೂ ಬೇಡ. ವಿಮಾನಕ್ಕೆ ಹೋಗುವಾಗ ಸೂಟ್‌ಕೇಸ್ ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ ಇರುತ್ತದಲ್ಲ, ಅದರ ಕೊಕ್ಕೆಯನ್ನು ಹೆದೆಗೆ ಸಿಕ್ಕಿಸಿ ನಿಮ್ಮ ಎಳೆತದಷ್ಟು ಎಳೆದು ನೋಡಿ. ಸುಮಾರು 19 ಕೆಜಿ ತೋರಿಸಿದರೆ 42 ಪೌಂಡ್.

ಇಲ್ಲಿ ಒಂದು ಮಾತು. ಹೊಸದಾಗಿ ಕಲಿಯುವವರಿಗೆ 42 ಪೌಂಡ್ ಜಾಸ್ತಿಯೇ. 25-30 ಪೌಂಡಿನ ಬಿಲ್ಲಿನಲ್ಲಿ ಕಲಿತು ಇದಕ್ಕೆ ಬನ್ನಿ. ಬಿಲ್ಲು ಎಲ್ಲೂ ಓಡಿಹೋಗುವುದಿಲ್ಲ.

ಬಾಣ

ಬಾಣದಲ್ಲಿ ಮುಖ್ಯ ಅದರ ಸ್ಪೈನ್, ಅಂದರೆ ಕಡ್ಡಿ ಎಷ್ಟು ಬಳುಕುತ್ತದೆ ಅನ್ನುವುದು. ಕಾರ್ಬನ್ ಬಾಣದ ಮೇಲೆ 500, 600 ಅಂತ ಬರೆದಿರುತ್ತದೆ. ಕಡ್ಡಿಯನ್ನು 28 ಇಂಚು ಅಂತರದ ಎರಡು ಆಧಾರದ ಮೇಲಿಟ್ಟು ನಡುವೆ 1.94 ಪೌಂಡ್ ತೂಕ ನೇತುಹಾಕಿದಾಗ 0.600 ಇಂಚು ಜಗ್ಗಿದರೆ ಅದು 600. ಅಂಕಿ ದೊಡ್ಡದಾದಷ್ಟೂ ಕಡ್ಡಿ ಮೆದು. ಮರದ ಬಾಣಕ್ಕೆ ಲೆಕ್ಕ ಬೇರೆ, ಅಂತರ 26 ಇಂಚು, ತೂಕ 2 ಪೌಂಡ್, ಮತ್ತು ಅಂಕಿಯನ್ನು 40-45, 45-50 ಅಂತ ಪೌಂಡಿನಲ್ಲಿ ಹೇಳುತ್ತಾರೆ. ಎರಡನ್ನೂ ಕಲಸಬೇಡಿ. ಅಲ್ಯೂಮಿನಿಯಂ ಬಾಣದ 1816 ಅಂದರೆ ಇನ್ನೊಂದು ಥರ. ದಪ್ಪ ಇಂಚಿನ 64ರಲ್ಲಿ 18 ಭಾಗ, ತಗಡಿನ ದಪ್ಪ 0.016 ಇಂಚು.

ಹಳೇ ಬಿಲ್ಲಿಗೆ ಸ್ಪೈನ್ ಯಾಕೆ ಇಷ್ಟು ತಲೆನೋವು? ಈಗಿನ ಬಿಲ್ಲುಗಳ ಹಿಡಿಯನ್ನು ನಡುಗೆರೆಯವರೆಗೆ, ಅದನ್ನೂ ದಾಟಿ ಕೊರೆದಿರುತ್ತಾರೆ, ಬಾಣ ನೇರವಾಗಿ ಗುರಿ ನೋಡುತ್ತದೆ. ಎಷ್ಟೋ ಹಳೇ ಬಿಲ್ಲುಗಳಲ್ಲಿ ಕೊರೆತ ನಡುಗೆರೆ ಮುಟ್ಟುವುದಿಲ್ಲ. ಬಲಗೈಯವರ ಬಿಲ್ಲಿನಲ್ಲಿ ಬಾಣದ ಮೊನೆ ಸ್ವಲ್ಪ ಎಡಕ್ಕೆ ವಾರೆಯಾಗಿ ಕೂತಿರುತ್ತದೆ. ಹೆದೆ ಬಿಟ್ಟಾಗ ಬಾಣ ಹಾವಿನ ಹಾಗೆ ಬಳುಕಿ, ಹಿಡಿಯನ್ನು ಸುತ್ತಿಕೊಂಡು ಹೋಗಿ ಆಮೇಲೆ ನೆಟ್ಟಗಾಗಬೇಕು. ಕಡ್ಡಿ ಗಡುಸಾಗಿದ್ದರೆ ಬಳುಕದೆ ಹಿಡಿಗೆ ತಾಗಿ ಎಡಕ್ಕೆ ಹಾರುತ್ತದೆ. ಹಾಗಾಗಿ ಅಷ್ಟೇ ಪೌಂಡಿನ ಹೊಸ ಬಿಲ್ಲಿಗೆ ಒಪ್ಪುವುದಕ್ಕಿಂತ ಮೆದು ಬಾಣ ಇದಕ್ಕೆ ಬೇಕು. ಅಂಗಡಿಯ ಚಾರ್ಟ್ ನೋಡಿ ಕೊಂಡವರ ಬಾಣ ಸಾಮಾನ್ಯವಾಗಿ ಗಡುಸಾಗಿರುವುದು ಇದಕ್ಕೇ. ಡೇಕ್ರಾನ್ ಹೆದೆಯ ಹೊಡೆತವೂ ಮೆತ್ತಗಿರುವುದರಿಂದ ಬಾಣ ಇನ್ನೂ ಗಡುಸಾದಂತೆಯೇ ವರ್ತಿಸುತ್ತದೆ.

ಕಡ್ಡಿ ಉದ್ದವಾದರೆ ಮೆದು, ಮೊನೆ ಭಾರವಾದರೆ ಮೆದು. ಇವೆರಡೂ ನಿಮ್ಮ ಕೈಯಲ್ಲಿವೆ. ಹಾಗಾಗಿ ಮೊದಲು ಬಿಡಿ ಕಡ್ಡಿ ಕೊಳ್ಳಿ, 500ರದ್ದು ಒಂದೆರಡು, 600ರದ್ದು ಒಂದೆರಡು, ಕತ್ತರಿಸದೆ ಪೂರ್ತಿ ಉದ್ದದ್ದು. ಜೊತೆಗೆ 100, 125, 145, 175 ಗ್ರೇನ್‌ನ ತಿರುಪಿನ ಮೊನೆಗಳು (ಗ್ರೇನ್ ಅಂದರೆ ಬಾಣ ತೂಗುವ ಸಣ್ಣ ಅಳತೆ). ನಮ್ಮ 42 ಪೌಂಡ್ ಉದಾಹರಣೆಗೆ 600ರ ಕಡ್ಡಿ, 29-30 ಇಂಚು, 125 ಗ್ರೇನ್ ಮೊನೆ ಒಳ್ಳೆಯ ಶುರು. ಅಲ್ಯೂಮಿನಿಯಂ ಆದರೆ 1816, ಮರವಾದರೆ 40-45. ಇದು ಶುರು ಮಾತ್ರ, ತೀರ್ಪಲ್ಲ. ಎಷ್ಟೇ ಗಿಡ್ಡ ಮಾಡಿದರೂ ಪೂರ್ತಿ ಎಳೆದಾಗ ಕಡ್ಡಿ ಬಿಲ್ಲಿನಿಂದ ಒಂದಿಂಚಾದರೂ ಮುಂದಿರಲಿ.

ತೂಕವನ್ನೂ ನೋಡಬೇಕು. ಹಗುರ ಬಾಣ ಅಂದರೆ ಅರ್ಧ ಖಾಲಿ ಹೆದೆ ಬಿಟ್ಟ ಹಾಗೇ. ಹಳೇ ಬಿಲ್ಲಿಗೆ ಪೌಂಡಿಗೆ 9 ಗ್ರೇನ್ ಇರಲಿ ಅನ್ನುವುದು ನನ್ನ ಲೆಕ್ಕ. 42ಕ್ಕೆ 378 ಗ್ರೇನ್, ಸುಮಾರು 24.5 ಗ್ರಾಂ. ಇಂಚಿಗೆ 7 ಗ್ರೇನ್ ಇರುವ ಕಡ್ಡಿ 29 ಇಂಚಿಗೆ 203, ಮೊನೆ 125, ಮೊನೆ ತಿರುಪಲು ಕಡ್ಡಿಯೊಳಗೆ ಕೂರುವ ಇನ್ಸರ್ಟ್ 12, ಹೆದೆಗೆ ಸಿಕ್ಕಿಸುವ ಹಿಂಬದಿಯ ನಾಕ್ 8, ಗರಿ ಮತ್ತು ಅಂಟು 10, ಒಟ್ಟು 358. ಕಮ್ಮಿಯಾಯಿತು. ಮೊನೆಯನ್ನು 145 ಮಾಡಿದರೆ ಸರಿಯಾಗಿ 378. ಆದರೆ ಮೊನೆ ಭಾರವಾದಾಗ ಕಡ್ಡಿ ಮೆದುವಾಯಿತಲ್ಲ, ಅದನ್ನು ಕಾಲಿಂಚು ಗಿಡ್ಡ ಮಾಡಿ ಸರಿದೂಗಿಸಬಹುದು. ಹೀಗೇ ಆಟ. ಕಾರ್ಬನ್ ಕತ್ತರಿಸುವುದಾದರೆ ಗರಗಸ ಬೇಡ, ಅಂಗಡಿಯವರ ತಿರುಗುವ ಕಲ್ಲಿನಲ್ಲಿ ಮಾಡಿಸಿ, ಆ ಪುಡಿ ಉಸಿರಿಗೆ ಹೋಗಬಾರದು.

ಬಾಣವನ್ನು ಶೆಲ್ಫ್ ಮೇಲೇ ಇಟ್ಟು ಹೊಡೆಯುವುದಾದರೆ ಟರ್ಕಿ ಕೋಳಿಯ ನಿಜ ಗರಿಯೇ ಬೇಕು. ಪ್ಲಾಸ್ಟಿಕ್ ಗರಿ ಶೆಲ್ಫ್‌ಗೆ ತಾಗಿ ಬಾಣವನ್ನು ಚಿಮ್ಮಿಸುತ್ತದೆ, ನಿಜ ಗರಿ ಮಡಚಿಕೊಂಡು ದಾಟುತ್ತದೆ. ಎಡರೆಕ್ಕೆ, ಬಲರೆಕ್ಕೆ ಯಾವುದಾದರೂ ಸರಿ, ಒಂದೇ ಬಾಣಕ್ಕೆ ಬೆರೆಸಬೇಡಿ. ನಾಕ್ ಹೆದೆಗೆ ಹಿಡಿದು ನಿಲ್ಲಬೇಕು, ಹೆದೆಯನ್ನು ಬೆರಳಿನಿಂದ ತಟ್ಟಿದರೆ ಕಳಚಿ ಬೀಳಬೇಕು. ಅಷ್ಟೇ ಬಿಗಿ.

ಬೋಳು ಬಾಣದ ಪರೀಕ್ಷೆ

ಗರಿ ಇರುವ ಮೂರು ಬಾಣ, ಗರಿ ಇಲ್ಲದ ಎರಡು ಬೋಳು ಬಾಣ. ಹತ್ತು ಮೀಟರ್‌ನಿಂದ ಹೊಡೆಯಿರಿ, ಅಲ್ಲಿ ಹೊಂದಿಕೊಂಡರೆ 18ಕ್ಕೆ ಹೋಗಿ. ಹಿಂದೆ ಗಟ್ಟಿ ಆಸರೆ ಇರಲಿ. ಗುರಿ ತಪ್ಪಿದ ಬಾಣ ನೂರು ಮೀಟರ್ ದಾಟಿ ಹೋಗುತ್ತದೆ, ಹಿತ್ತಲಿನಲ್ಲಿ ಹೊಡೆಯಬಹುದಾ ಅನ್ನುವುದಕ್ಕೆ ನಿಮ್ಮ ಊರಿನ ನಿಯಮ ನೋಡಿಕೊಳ್ಳಿ.

ಮೊದಲು ಮೇಲೆ ಕೆಳಗೆ ಸರಿಮಾಡಿ. ಬೋಳು ಬಾಣ ಕೆಳಗೆ ಬಿದ್ದರೆ ನಾಕಿಂಗ್ ಪಾಯಿಂಟ್ ಎತ್ತರವಾಗಿದೆ, ಕೆಳಗಿಳಿಸಿ. ಮೇಲೆ ಬಿದ್ದರೆ ಏರಿಸಿ. ಆಮೇಲೆ ಎಡ ಬಲ. ಬಲಗೈಯಲ್ಲಿ ಎಳೆಯುವವರಿಗೆ ಬೋಳು ಬಾಣ ಗರಿಯ ಬಾಣಗಳ ಎಡಕ್ಕೆ ಬಿದ್ದರೆ ಕಡ್ಡಿ ಗಡುಸು, ಭಾರದ ಮೊನೆ ಹಾಕಿ. ಬಲಕ್ಕೆ ಬಿದ್ದರೆ ಮೆದು, ಹಗುರ ಮೊನೆ ಹಾಕಿ, ಸಾಲದಿದ್ದರೆ ಕಾಲಿಂಚಿನಂತೆ ಕತ್ತರಿಸಿ. ಎಡಗೈಯವರಿಗೆ ಇದು ಉಲ್ಟಾ. ಕೊನೆಯ ಚೂರು ವ್ಯತ್ಯಾಸ ಉಳಿದರೆ ಹಿಡಿಯ ಪಕ್ಕದಲ್ಲಿ ಬಾಣ ತಾಗುವ ಚರ್ಮದ ಕೆಳಗೆ ಒಂದು ಬೆಂಕಿಕಡ್ಡಿ ನಿಲ್ಲಿಸಿ ಅಂಟಿಸಿ. ಬಾಣ ಅಷ್ಟು ಹೊರಗೆ ಸರಿದು ಇನ್ನೂ ಗಡುಸಾದಂತೆ ವರ್ತಿಸುತ್ತದೆ, ಮೆದು ಕಡ್ಡಿಗೆ ಅದು ಮದ್ದು. ತೆಳು ಚರ್ಮ ಹಾಕಿದರೆ ತದ್ವಿರುದ್ಧ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದರಿಂದ ಏನಾಯಿತು ಗೊತ್ತಾಗುವುದಿಲ್ಲ. ಸುಸ್ತಾದಾಗ ಈ ಪರೀಕ್ಷೆ ಮಾಡಬೇಡಿ, ಬಾಣದ ತಪ್ಪು ಯಾವುದು, ಬೆರಳಿನ ತಪ್ಪು ಯಾವುದು ಅಂತ ಬಿಡಿಸಲು ಬರುವುದಿಲ್ಲ. ಎರಡೂ ಥರದ ಬಾಣ ಅಂಗೈ ಅಗಲದೊಳಗೆ ಒಟ್ಟಿಗೆ ಬೀಳತೊಡಗಿದರೆ ಸಾಕು, ಅದೇ ಕಡ್ಡಿ, ಅದೇ ಉದ್ದ, ಅದೇ ಮೊನೆಯಲ್ಲಿ ಉಳಿದ ಬಾಣ ಮಾಡಿಸಿ.

ಪ್ರತಿ ಸಲ ಹೊಡೆಯುವ ಮುಂಚೆ ಕಾರ್ಬನ್ ಬಾಣವನ್ನು ಎರಡೂ ಕೈಯಲ್ಲಿ ಹಿಡಿದು, ನಿಮ್ಮಿಂದ ದೂರಕ್ಕೆ ಸ್ವಲ್ಪ ಬಗ್ಗಿಸಿ, ತಿರುಗಿಸಿ ಮತ್ತೆ ಬಗ್ಗಿಸಿ. ಚಟಚಟ ಅಂದರೆ ಮುರಿದು ಕಸಕ್ಕೆ ಹಾಕಿ, ಒಡೆದ ಕಾರ್ಬನ್ ಕೈಯೊಳಗೆ ನುಗ್ಗಿದರೆ ಆಸ್ಪತ್ರೆಯೇ ಗತಿ. ಹೊಡೆದಾದ ಮೇಲೆ ಹೆದೆ ಇಳಿಸಿ ಬಿಲ್ಲನ್ನು ಎರಡು ಗೂಟದ ಮೇಲೆ ಅಡ್ಡಡ್ಡ ಇಡಿ. ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ, ಟೆಕ್ಸಸ್ ಬೇಸಿಗೆ ಇರಲಿ ರಾಯಚೂರಿನ ಬಿಸಿಲಿರಲಿ, ಅಂಟು ಬಿಡುವುದು ಅಲ್ಲೇ. ಹೆದೆ ಒರಟಾದಂತೆ ಕಂಡಾಗ ಮೇಣ ಉಜ್ಜಿ. ಒಂದು ಎಳೆ ಕಡಿದರೂ ಹೊಸದು ಹಾಕಿ, ಹಾಕಿದ ಮೇಲೆ ಬ್ರೇಸ್ ಹೈಟನ್ನು ದಿನಾ ಅಳೆಯುತ್ತಿರಿ. ಹೊಸ ಡೇಕ್ರಾನ್ ಮೊದಮೊದಲು ಹಿಗ್ಗುತ್ತಲೇ ಇರುತ್ತದೆ, ಅದು ನಿಲ್ಲುವವರೆಗೆ ಬೋಳು ಬಾಣ ಎಲ್ಲಿ ಬಿದ್ದರೂ ತಲೆ ಕೆಡಿಸಿಕೊಳ್ಳಬೇಡಿ.